ಗೀಟು ಎಳೆಸಿಕೊಂಡ ಬೆಲೆಯವರಿಗೊಂದು ಬಹಿರಂಗ ಪತ್ರ

ಗೀಟಿನಡಿಯಲ್ಲಿ ವಿರಾಜಮಾನರಾದ ಪೂಜ್ಯ ಹಳೇ ಬೆಲೆಯವರ ಸನ್ನಿಧಾನಕ್ಕೆ,

ಸಾಷ್ಟಾಂಗ ನಮಸ್ಕಾರಗಳು. ಆಷಾಢ ಸೇಲ್ ಶುರುವಾದರೆ ಸಾಕು, ತಮಗೆ ಊರ ತುಂಬ ಬಿಡುವಿಲ್ಲದ ಕೆಲಸ. ಸೀರೆಯ ಚೀಟಿಯ ಮೇಲೆ 4,999 ಎಂದು ಕೂತು, ಮೈಮೇಲೆ ಕೆಂಪು ಗೀಟು ಎಳೆಸಿಕೊಂಡು, ಕೆಳಗಿನ 2,499ಕ್ಕೆ ಮರ್ಯಾದೆ ತಂದುಕೊಡುತ್ತೀರಿ. ತಮ್ಮನ್ನು ಪೂರ್ತಿಯಾಗಿ ತೆತ್ತು ಸೀರೆ ಒಯ್ದ ಒಬ್ಬರನ್ನೂ ನಾನು ಕಂಡಿಲ್ಲ. ಆದರೂ ಅಂಗಡಿಯಿಂದ ಹೊರಬಂದವರೆಲ್ಲ “ಎರಡೂವರೆ ಸಾವಿರ ಉಳೀತು ಕಣ್ರೀ” ಅನ್ನುತ್ತಾರೆ. ಅಷ್ಟೇ ದುಡ್ಡು ಪರ್ಸಿನಿಂದ ಹೋಯಿತೆಂಬುದನ್ನು ಮರೆಸಿದ ತಮ್ಮ ಕರುಣೆ ದೊಡ್ಡದು. ಜರಿ ಎಂಥದ್ದು, ಬಣ್ಣ ಬಿಡುತ್ತದೋ ಇಲ್ಲವೋ ಎಂದು ನೋಡುವ ತಾಪತ್ರಯವನ್ನೂ ತಪ್ಪಿಸಿದಿರಿ. ಋಣಿ.

ಮೊದಲು ಕಂಡ ಅಂಕಿಯೇ ನಮ್ಮ ಅಂದಾಜನ್ನು ತನ್ನತ್ತ ಎಳೆದುಕೊಳ್ಳುವ ತಮ್ಮ ಮಹಿಮೆಯನ್ನು ಲೋಕಕ್ಕೆ ಸಾರಿದವರು ಮನೋವಿಜ್ಞಾನಿಗಳಾದ ಅಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್. 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅವರು ಜನರೆದುರು ಒಂದು ಚಕ್ರ ತಿರುಗಿಸಿ, ವಿಶ್ವಸಂಸ್ಥೆಯ ಸದಸ್ಯರಲ್ಲಿ ಆಫ್ರಿಕದ ದೇಶಗಳು ಶೇಕಡಾ ಎಷ್ಟು ಎಂದು ಕೇಳಿದರು. ಚಕ್ರದಲ್ಲಿ 10 ಕಂಡವರ ಅಂದಾಜು 25ರ ಆಸುಪಾಸು, 65 ಕಂಡವರದು 45ರ ಆಸುಪಾಸು. ಚಕ್ರಕ್ಕೂ ಆಫ್ರಿಕಕ್ಕೂ ಏನು ಸಂಬಂಧ ಎಂದು ಕೇಳಿದರೆ ಅಧಿಕಪ್ರಸಂಗವಾದೀತು.

ನ್ಯಾಯದೇವತೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದರೂ ತಾವು ಆಕೆಗೆ ದರ್ಶನ ಕೊಟ್ಟಿದ್ದೀರಿ. 2006ರಲ್ಲಿ ಬೆಳಕಿಗೆ ಬಂದ ಜರ್ಮನಿಯ ಅಧ್ಯಯನವೊಂದರಲ್ಲಿ ಕಾನೂನು ಬಲ್ಲವರ ಕೈಗೇ ದಾಳ ಕೊಟ್ಟರು. ಶಕುನಿ ಮೆಚ್ಚುವಂಥ ದಾಳ: ಬಿದ್ದರೆ ಒಟ್ಟು 3, ಇಲ್ಲವೇ 9. ಆಮೇಲೆ ಅಂಗಡಿಯಲ್ಲಿ ಕದ್ದವಳೊಬ್ಬಳ ಕಲ್ಪಿತ ಮೊಕದ್ದಮೆ. 3 ಬಿದ್ದವರು ಕೊಟ್ಟ ಶಿಕ್ಷೆ ಸರಾಸರಿ 5 ತಿಂಗಳು, 9 ಬಿದ್ದವರು ಕೊಟ್ಟದ್ದು ಸುಮಾರು 8. ದಾಳ ಉರುಳಿಸಿದ್ದು ತಂತಮ್ಮ ಕೈಯೇ ಎಂದು ಅವರಿಗೆಲ್ಲ ಗೊತ್ತಿತ್ತು! ಓದಿದವರನ್ನೂ ಓದದವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುವ ಇಂಥ ಸಮದೃಷ್ಟಿ ನಮ್ಮ ಮಠಗಳಲ್ಲೂ ಅಪರೂಪ.

ನಮ್ಮ ಹಿರಿಯರು ತಮ್ಮನ್ನು ಸೋಲಿಸಲೆಂದು ಒಂದು ಉಪಾಯ ಹೇಳಿಕೊಟ್ಟಿದ್ದರು: ಹೇಳಿದ ರೇಟಿನಲ್ಲಿ ಅರ್ಧಕ್ಕೆ ಕೇಳು. ಪಾಪ, ಆ ಅರ್ಧವೂ ತಮ್ಮದೇ ಅರ್ಧ. ಚಪ್ಪಲಿಗೆ ಎಂಟುನೂರು ಅಂದರೆ ನಾನೂರಕ್ಕೆ ಚೌಕಾಸಿ, ಹದಿನಾರುನೂರು ಅಂದರೆ ಎಂಟುನೂರಕ್ಕೆ; ಚಪ್ಪಲಿ ಮಾತ್ರ ಅದೇ. (ಪೊಟ್ಟಣದ ಮೇಲಿನ ಎಂಆರ್‌ಪಿ ತಮ್ಮ ತಮ್ಮನೇ ಇರಬೇಕು. ‘ಇದಕ್ಕಿಂತ ಹೆಚ್ಚು ಕೇಳಕೂಡದು’ ಎಂಬ ಮಿತಿಯನ್ನೇ ನಾವು ‘ಇದೇ ನ್ಯಾಯದ ಬೆಲೆ’ ಎಂದು ಓದಿಕೊಳ್ಳುತ್ತೇವೆ.)

ತಮ್ಮನ್ನು ಮನಸ್ಸಿನಿಂದ ಹೊರಡಿಸುವಷ್ಟು ಉದ್ಧಟತನ ನಮಗಿಲ್ಲ, ಶಕ್ತಿಯೂ ಇಲ್ಲ. ಇಷ್ಟೇ ಬಿನ್ನಹ: ಸೀರೆಯನ್ನು ಬಿಡಿಸಿ, ಮುಟ್ಟಿ, ಇದಕ್ಕೆ ನಾವೆಷ್ಟು ಕೊಟ್ಟೇವು ಎಂದು ಲೆಕ್ಕ ಹಾಕುವ ತನಕ ತಾವು ಮಡಿಕೆಯೊಳಗೇ ವಿಶ್ರಮಿಸಬೇಕು. ತಾವು ಒಪ್ಪುವುದಿಲ್ಲವೆಂದು ಬಲ್ಲೆ. ಆದ್ದರಿಂದ ಓದುಗರು ಆ ಮೊತ್ತವನ್ನು ಮನೆಯಲ್ಲೇ ಬರೆದು ಜೇಬಿನಲ್ಲಿಟ್ಟುಕೊಂಡು ಹೋಗುವುದು.

ಇತಿ,
ತಮ್ಮ ರಿಯಾಯಿತಿಗೆ ಸದಾ ಪಾತ್ರನಾದ
ಒಬ್ಬ ಗಿರಾಕಿ