ಮಾರ್ಕೆಟ್ ಬೆಂಚಿನ ಊಟ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ತಾವೀಗ ಹಸಿದಿದ್ದೀರಿ. ಅದೂ ಶಿವಮೊಗ್ಗದ ಗಾಂಧಿ ಬಜಾರಿನ ಆಸುಪಾಸಿನಲ್ಲಿ, ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ. ಈ ಸ್ಥಿತಿ ಕೈತಪ್ಪಿ ಹೋಗುವ ಮೊದಲು ಮುಂದಿನ ಸೂಚನೆಗಳನ್ನು ಓದಿಕೊಳ್ಳಿ. ಮಿಕ್ಸಿಯ ಜೊತೆ ಬಂದ ಪುಸ್ತಿಕೆಯನ್ನು ಮಿಕ್ಸಿ ಕೆಟ್ಟ ದಿನ ಅಟ್ಟದ ಮೇಲೆ ಹುಡುಕುವುದು ನಮ್ಮ ಪದ್ಧತಿ. ಇದಕ್ಕೂ ಅದೇ ಗತಿ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇವೆ.

ಕೈಪಿಡಿಯ ವ್ಯಾಪ್ತಿ: ಹೆಸರೇ ಇಲ್ಲದ, ಅಥವಾ 786 ಎಂಬ ಅಂಕಿಯನ್ನೇ ಹೆಸರು ಮಾಡಿಕೊಂಡ, ನಾಲ್ಕು ಬೆಂಚು ಇಲ್ಲವೇ ನಾಲ್ಕು ಚಕ್ರ ಇರುವ ಅಂಗಡಿಗಳು. ಎಸಿ, ಮೆನು ಕಾರ್ಡು, ಬಾಗಿಲು ತೆಗೆಯುವ ಹುಡುಗ ಇರುವ ಕಡೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಕಲಿಸಬೇಕಾದ್ದನ್ನೆಲ್ಲ ಬಿಲ್ಲೇ ಕಲಿಸುತ್ತದೆ.

ಪತ್ತೆ ಹಚ್ಚುವುದು

ಅಮೀರ್ ಅಹಮದ್ ವೃತ್ತದಲ್ಲಿ ಕಣ್ಣು ಮುಚ್ಚಿ ನಿಲ್ಲಬೇಡಿ, ಬಸ್ಸು ಬರುತ್ತದೆ. ಕಣ್ಣು ತೆರೆದೇ ಮೂಗನ್ನು ಚಾಲೂ ಮಾಡಿ. ಮೊದಲು ಹೂವಿನದು, ಕೊತ್ತಂಬರಿಯದು, ಒಣಮೆಣಸಿನಕಾಯಿಯ ಘಾಟು. ಅವನ್ನೆಲ್ಲ ಹಾಯ್ದು ಬರುವ ಹುರಿದ ಈರುಳ್ಳಿ, ಪುದೀನ ಮತ್ತು ಇದ್ದಿಲಿನ ಹೊಗೆಯ ಎಳೆ ಒಂದಿರುತ್ತದೆ. ಅದನ್ನು ಹಿಡಿದು ನಡೆಯಿರಿ. ಮೊಬೈಲಿನ ನಕ್ಷೆ ಬೇಡ. ಅದು ನಕ್ಷತ್ರಗಳಿರುವ ಕಡೆ ಕರೆದೊಯ್ಯುತ್ತದೆ, ಹಂಡೆ ಇರುವ ಕಡೆಯಲ್ಲ.

ಫಲಕದ ಮೇಲೆ ‘ಹಲಾಲ್’ ಎಂದು ಬರೆದಿಲ್ಲವಲ್ಲ ಎಂದು ಗಾಬರಿಯಾಗದಿರಿ. ಹಳೆಯ ಅಂಗಡಿಗಳಲ್ಲಿ ಅದನ್ನು ಬರೆಸುತ್ತಲೇ ಇರಲಿಲ್ಲ. ತಿನ್ನುವವನಿಗೆ ಗೊತ್ತಿತ್ತು, ಗೊತ್ತಿಲ್ಲದವನು ಕೇಳುತ್ತಿರಲಿಲ್ಲ, ಇಬ್ಬರ ತಟ್ಟೆಗೂ ಒಂದೇ ಸೌಟಿನಿಂದ ಬೀಳುತ್ತಿತ್ತು.

ಬಿಡಿಭಾಗಗಳು

ಹಂಡೆ ಒಂದು. ಅದರ ಮುಚ್ಚಳದ ಮೇಲೆ ಕೆಂಡ. ಒಳಗೆ ಅನ್ನ, ಅನ್ನದೊಳಗೆ ಪೀಸು. ಪೀಸಿಲ್ಲದೆ ಬಡಿಸಿದರೆ ಅದರ ಹೆಸರು ಕುಷ್ಕಾ, ಕಡಿಮೆ ಕಾಸಿನಲ್ಲಿ ಹೊಟ್ಟೆ ತುಂಬಿಸುವ ಮಾದರಿ. ಪಕ್ಕದ ಪಾತ್ರೆಯಲ್ಲಿ ಶೇರ್ವಾ, ತೆಳ್ಳಗೆ, ಮೇಲೆ ಎಣ್ಣೆಯ ಕೆಂಪು ಕಣ್ಣುಗಳು. ಅದೃಷ್ಟವಿದ್ದ ದಿನ ದಾಲ್ಚಾ: ಬೇಳೆ, ಸೋರೆಕಾಯಿ, ಹುಣಿಸೆಹುಳಿ ಮತ್ತು ಮೂಳೆ ಕೂಡಿ ಬೆಂದದ್ದು. ದಾಲ್ಚಾ ಸಿಕ್ಕ ಕಡೆ ಶೇರ್ವಾ ಕೇಳುವವನ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. ಈರುಳ್ಳಿ, ನಿಂಬೆಹೋಳು ಉಚಿತ. ಈರುಳ್ಳಿ ದರ ಏರಿದ ತಿಂಗಳಲ್ಲಿ ಎಲೆಕೋಸು ಈರುಳ್ಳಿಯ ವೇಷದಲ್ಲಿ ಬರುತ್ತದೆ. ಗುರುತಿಸಿ, ಆದರೆ ಮುಖಕ್ಕೆ ಹೇಳಬೇಡಿ.

ಕಬಾಬಿನ ಬಣ್ಣದ ಬಗ್ಗೆ ಒಂದು ಮಾತು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ತಪ್ಪಿದರೆ ಕನಿಷ್ಠ 7 ವರ್ಷ ಜೈಲು, ಹೆಚ್ಚೆಂದರೆ ಜೀವಾವಧಿ, 10 ಲಕ್ಷ ರೂಪಾಯಿವರೆಗೆ ದಂಡ ಎಂದೂ ಹೇಳಿತು. ಒಂದು ಪ್ಲೇಟ್ ಕಬಾಬಿಗೆ ಇಷ್ಟು ಗಂಭೀರ ಸ್ಥಾನಮಾನ ಹಿಂದೆಂದೂ ದೊರೆತಿರಲಿಲ್ಲ. ಬ್ಯಾಡಗಿ ಇರುವುದು ಪಕ್ಕದ ಹಾವೇರಿ ಜಿಲ್ಲೆಯಲ್ಲಿ. ಅಲ್ಲಿನ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೇ ಹೆಸರಾದದ್ದು. ಆದ್ದರಿಂದ ಇಟ್ಟಿಗೆ ಕೆಂಪಿದ್ದರೆ ತಿನ್ನಿ, ಪ್ರಚಾರದ ಬ್ಯಾನರಿನ ಕೆಂಪಿದ್ದರೆ ಬಿಡಿ.

ಈಗ ಸಿಗದ ಬಿಡಿಭಾಗವೊಂದಿದೆ. 1964ರ ಗೋಹತ್ಯೆ ಕಾಯ್ದೆಯ ಜಾಗಕ್ಕೆ 2021ರಲ್ಲಿ ಜಾರಿಗೆ ಬಂದ ಕಾನೂನು, 13 ವರ್ಷ ದಾಟಿದ ಎಮ್ಮೆ-ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ವಧೆಯನ್ನು ಪೂರ್ತಿ ನಿಷೇಧಿಸಿದೆ. ಗಲ್ಲದ ಪಕ್ಕ ಕೈ ಅಡ್ಡ ಹಿಡಿದು, ಕಣ್ಣು ಮಿಟುಕಿಸಿ ಭಾಯಿಯನ್ನು ಏನನ್ನೂ ಕೇಳಬೇಡಿ. ನಿಮಗದು ತಮಾಷೆ, ಆತನಿಗೆ ಠಾಣೆ.

ಉಳಿದಂತೆ ಕುರಿ ಬರುವ ದಾರಿಯನ್ನು ಒಮ್ಮೆ ನೆನೆಯಬಹುದು. ಸಾಕಿದವರು ಹೆಚ್ಚಾಗಿ ಬಯಲುಸೀಮೆಯ ಕುರುಬರು. ಸಂತೆಯಲ್ಲಿ ವ್ಯಾಪಾರ ಕುದುರಿಸಿದವರು, ಲಗೇಜ್ ಆಟೋದಲ್ಲಿ ತಂದವರು, ಕೊತ್ತಂಬರಿ ಬೆಳೆದವರು, ಅಕ್ಕಿ ಮಿಲ್ಲಿನವರು, ಇದ್ದಿಲಿನವರು ಯಾವ ಯಾವ ಜಾತಿಯವರೋ. ಇಷ್ಟೊಂದು ಜನರ ಕೈಯಲ್ಲಿ ಬಂದದ್ದಕ್ಕೆ ಕೊನೆಯ ಎರಡು ಕೈಗಳು ಮಾತ್ರ ಮುಸಲ್ಮಾನರವು: ಕೊಯ್ದದ್ದು, ಬಡಿಸಿದ್ದು. ಮಾಂಸ ಯಾರದ್ದು ಎಂಬ ಜಗಳ ಎದ್ದಾಗಲೆಲ್ಲ ನನಗೆ ಕುರುಬರ ನೆನಪಾಗುತ್ತದೆ. ವ್ಯಾಪಾರ ನಿಂತರೆ ಮೊದಲು ಉಳಿದುಹೋಗುವುದು ಅವರ ಕುರಿ.

ಒಳಗಿನ ಯಂತ್ರ ಕೆಲಸ ಮಾಡುವ ಬಗೆ

ಕೆಲವು ಗ್ರಾಹಕರು ಮುಚ್ಚಳ ಬಿಚ್ಚಿ ಒಳಗೆ ನೋಡಲು ಬಯಸುತ್ತಾರೆ. ಅವರಿಗಾಗಿ ಹಲಾಲ್‌ನ ನಿಯಮಗಳು ಇಲ್ಲಿವೆ. ಪ್ರಾಣಿ ಜೀವಂತವಿರಬೇಕು, ಕಾಯಿಲೆ ಬಿದ್ದು ಸತ್ತದ್ದಾಗಬಾರದು. ಚೂರಿ ಹರಿತವಿರಬೇಕು, ಅದನ್ನು ಪ್ರಾಣಿಯ ಕಣ್ಣೆದುರು ಮಸೆಯಬಾರದು. ದೇವರ ಹೆಸರು ಹೇಳಿ, ಶ್ವಾಸನಾಳ, ಅನ್ನನಾಳ ಮತ್ತು ಕುತ್ತಿಗೆಯ ಇಕ್ಕೆಲದ ರಕ್ತನಾಳಗಳನ್ನು ತಡವರಿಸದೆ ಕೊಯ್ಯಬೇಕು, ತಲೆಯನ್ನು ತುಂಡರಿಸಬಾರದು, ರಕ್ತ ಹರಿದುಹೋಗಲು ಬಿಡಬೇಕು. ಒಂದೇ ಏಟಿಗೆ ತಲೆ ಬೇರೆ ಮಾಡಿದರೆ ಅದು ಝಟ್ಕಾ, ಬೇರೆ ಮಾದರಿ.

ಇಷ್ಟಕ್ಕೇ ಮುಗಿಯಿತು ಎಂದುಕೊಂಡವರಿಗೆ ಇನ್ನೊಂದು ಸ್ಕ್ರೂ ಉಳಿದಿದೆ. ಸಂಪಾದನೆಯೂ ಹಲಾಲ್ ಆಗಿರಬೇಕು. ತೂಕದಲ್ಲಿ ಕದ್ದವನ, ಕೂಲಿಯ ಸಂಬಳ ನುಂಗಿದವನ ದುಡ್ಡು ಆ ಲೆಕ್ಕದಲ್ಲಿ ಪಾಸಾಗುವುದಿಲ್ಲ. ಚೂರಿಯ ಬಗ್ಗೆ ಇಷ್ಟೊಂದು ಚರ್ಚೆ ಮಾಡಿದ ನಾಡು ತಕ್ಕಡಿಯ ಬಗ್ಗೆ ಒಂದು ಟಿವಿ ಡಿಬೇಟನ್ನೂ ಇಟ್ಟುಕೊಳ್ಳಲಿಲ್ಲ.

ಮೀನಿಗೆ ಚೂರಿಯ ನಿಯಮವಿಲ್ಲ. ಏಡಿಗೆ ಬಂದಾಗ ಮಾತ್ರ ಮಾದರಿಗಳಲ್ಲಿ ವ್ಯತ್ಯಾಸ. ಉರ್ದು ಮಾತಾಡುವ ನಮ್ಮ ಕಡೆಯ ಮುಸಲ್ಮಾನರು ಬಹುಪಾಲು ಹನಫಿ ಪಂಥದವರು. ಅವರ ಶಾಸ್ತ್ರ ಏಡಿಯನ್ನು ಒಪ್ಪುವುದಿಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಬ್ಯಾರಿಗಳು ಶಾಫಿಗಳು, ಅವರಲ್ಲಿ ಕೆಲವರಿಗೆ ಅಡ್ಡಿಯಿಲ್ಲ. ಹಾಗಾಗಿ ಮಳೆಗಾಲದಲ್ಲಿ ಗದ್ದೆಯ ಏಡಿ ಹಿಡಿದು ಸಾರು ಮಾಡುವ ಮಲೆನಾಡಿನ ಗೌಡರಿಗೂ ಮಂಗಳೂರಿನ ಅಂಥ ಬ್ಯಾರಿಗೂ ಒಂದು ವಿಷಯದಲ್ಲಿ ಒಮ್ಮತವುಂಟು, ಎದುರು ಕೂತ ಹನಫಿ ಭಾಯಿ ಇಬ್ಬರನ್ನೂ ಅನುಮಾನದಿಂದ ನೋಡುತ್ತಾನೆ.

ಚಾಲನೆ

ಬೆಂಚಿನಲ್ಲಿ ಮೂವರು ಕೂತಿದ್ದರೆ ಜಾಗವಿಲ್ಲ ಎಂದರ್ಥವಲ್ಲ, ನಾಲ್ಕನೆಯವರು ನೀವು ಎಂದರ್ಥ. ‘ಸ್ವಲ್ಪ ಸರೀರಿ’ ಎನ್ನಿ. ಹಮಾಲಿ, ಬ್ಯಾಂಕಿನ ಗುಮಾಸ್ತ, ಕಾಲೇಜು ಹುಡುಗ ಮೂವರೂ ಮೊಣಕೈ ಒಳಗೆಳೆದುಕೊಳ್ಳುತ್ತಾರೆ. ಎಡಗೈ ತೊಡೆಯ ಮೇಲೆ, ಬ್ಯಾಗು ಕಾಲ ಸಂದಿಯಲ್ಲಿ. ‘ಏನಿದೆ?’ ಎಂದು ಕೇಳಿದರೆ ಹುಡುಗ ಒಂದೇ ಉಸಿರಿಗೆ ‘ಚಿಕನ್‌ಬಿರಿಯಾನಿಮಟನ್‌ಬಿರಿಯಾನಿಕುಷ್ಕಾಕಬಾಬ್‌ಕಲೇಜಿಪಾಯಾ’ ಎನ್ನುತ್ತಾನೆ. ಅರ್ಥವಾಗಲಿಲ್ಲವೆಂದು ಮತ್ತೆ ಕೇಳಿದರೆ ಇನ್ನೂ ವೇಗವಾಗಿ ಹೇಳುತ್ತಾನೆ. ಪಕ್ಕದವರ ತಟ್ಟೆಗೆ ಬೆರಳು ತೋರಿಸಿ, ಸಾಕು.

‘ಹಾಫಾ, ಫುಲ್ಲಾ?’ ಎಂಬುದು ಮುಂದಿನ ಪ್ರಶ್ನೆ. ಮೊದಲ ಸಲಕ್ಕೆ ಹಾಫ್ ಅನ್ನಿ. ಅನ್ನ ಮುಗಿಯುತ್ತಿದ್ದಂತೆ ಆತ ತಾನಾಗಿಯೇ ಒಂದು ಸೌಟು ತಂದು ಮೇಲೆ ನಿಲ್ಲುತ್ತಾನೆ. ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಹಾಕುತ್ತಾನೆ. ಈ ವೈಶಿಷ್ಟ್ಯವನ್ನು ಆಫ್ ಮಾಡುವ ಗುಂಡಿ ಇಲ್ಲ.

ಚಮಚ ಕೇಳಬೇಡಿ. ಕೇಳಿದರೆ ಕೊಡುತ್ತಾರೆ, ಅಷ್ಟೇ ಅಲ್ಲ, ತೊಳೆದು ಕೊಡುತ್ತಾರೆ. ಆಮೇಲೆ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ.

ದಿನ ಮತ್ತು ವಾರ

ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಹೋದರೆ ಅರ್ಧ ಎಳೆದ ಶಟರು, ಬೋರಲು ಹಾಕಿದ ತಟ್ಟೆಗಳು ಸಿಗುತ್ತವೆ. ಸ್ವಲ್ಪ ಮೊದಲು ಹೋಗಿ, ಇಲ್ಲವೇ ಎರಡು ಗಂಟೆಯ ನಂತರ. ರಂಜಾನ್ ತಿಂಗಳಲ್ಲಿ ಯಂತ್ರ ಹಗಲು ಮಲಗಿ ಸಂಜೆ ಏಳುತ್ತದೆ. ಸಮೋಸ, ಖರ್ಜೂರ, ಹಲೀಮಿನ ಸಾಲಿನಲ್ಲಿ ಉಪವಾಸ ಇದ್ದವರಿಗಿಂತ ಇಲ್ಲದವರೇ ಮುಂದಿರುತ್ತಾರೆ. ಉಪವಾಸ ಬಿಡುವವರಿಗೆ ಮೊದಲು ದಾರಿ ಬಿಡಿ, ಅವರು ಬೆಳಗಿನ ಜಾವದಿಂದ ನೀರು ಕೂಡ ಮುಟ್ಟಿಲ್ಲ. ಗಾಂಧಿ ಜಯಂತಿಯಂದು ಮಾಂಸದಂಗಡಿಗೆ ರಜೆ. ಗಾಂಧಿ ಬಜಾರಿನಲ್ಲಿ ಅದು ಇನ್ನಷ್ಟು ಸಲ್ಲುತ್ತದೆ.

ಶನಿವಾರದ ವಿಷಯ ಮಾತ್ರ ವಿವರವಾಗಿ ಹೇಳಬೇಕು. ಸೋಮವಾರ ಈಶ್ವರನದು, ಗುರುವಾರ ರಾಯರದು, ಶನಿವಾರ ಆಂಜನೇಯನದು ಎಂದು ಬಿಟ್ಟವರು ನಮ್ಮಲ್ಲಿ ಬಹಳ. ಇವರಲ್ಲಿ ಕೆಲವರು ಶನಿವಾರವೂ ಅದೇ ಬೆಂಚಿಗೆ ಬಂದು, ಹಣೆಯ ಕುಂಕುಮ ಆರುವ ಮೊದಲೇ, ‘ಇವತ್ತು ತಿನ್ನಲ್ಲ ಭಾಯಿ, ಬರೀ ಕುಷ್ಕಾ ಹಾಕು’ ಎನ್ನುತ್ತಾರೆ. ಹಂಡೆ ಒಂದೇ, ಬೆಂದದ್ದು ಒಟ್ಟಿಗೇ, ಪ್ರತಿ ಅಗುಳಿಗೂ ಕೊಬ್ಬು ಹತ್ತಿದೆ. ಆದರೆ ಪೀಸು ಕಾಣದಿದ್ದರೆ ವ್ರತ ಭಂಗವಿಲ್ಲ. ಭಾಯಿಯೂ ಈ ಶಾಸ್ತ್ರಕ್ಕೆ ಸಹಕರಿಸುತ್ತಾನೆ: ಸೌಟಿನೊಳಗೆ ತಪ್ಪಿ ಬಂದ ಮೂಳೆಯನ್ನು ಹೆಕ್ಕಿ ತೆಗೆದು, ‘ಕ್ಲೀನ್ ಸಾರ್’ ಎಂದು ಬಡಿಸುತ್ತಾನೆ. ತನ್ನ ಧರ್ಮದ ಸೂಕ್ಷ್ಮಗಳ ಜೊತೆಗೆ ಗಿರಾಕಿಯ ಧರ್ಮದ ಸೂಕ್ಷ್ಮಗಳನ್ನೂ ಕಾಯುವ ಕೆಲಸ ಆತನ ಕೂಲಿಯಲ್ಲೇ ಸೇರಿದೆ.

ಭದ್ರಾವತಿ ಮಾದರಿ

ಶಿವಮೊಗ್ಗದಿಂದ ಸುಮಾರು 20 ಕಿಲೋಮೀಟರ್. ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರಿನಲ್ಲಿ 1918ರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆ ಕಟ್ಟಲು ಹೊರಟಿತು. 1923ರಲ್ಲಿ ಕುಲುಮೆ ಹೊತ್ತಿತು. ಕಲ್ಲಿದ್ದಲು ಹತ್ತಿರವಿರಲಿಲ್ಲ, ಮಲೆನಾಡಿನ ಕಾಡಿತ್ತು. ಆದ್ದರಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ಸೌದೆಯ ಇದ್ದಿಲಿನಲ್ಲೇ ಕರಗಿಸಿದರು. ಊರಿನ ದೊಡ್ಡ ಒಲೆಗೂ ಕಬಾಬಿನ ಒಲೆಗೂ ಇಂಧನ ಒಂದೇ ಆಗಿದ್ದ ಕಾಲ ಅದು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ತಮಿಳು, ತೆಲುಗು, ಮಲಯಾಳ ಮಾತಾಡುವವರು ಕೆಲಸಕ್ಕೆ ಬಂದರು, ಅವರೊಂದಿಗೆ ಪರೋಟವೂ ಬಂತು. ಇಲ್ಲಿ ಆರ್ಡರನ್ನು ಯಾವ ಭಾಷೆಯಲ್ಲಿ ಕೊಟ್ಟರೂ ನಡೆಯುತ್ತದೆ. ಬೈಗುಳಕ್ಕೆ ಮಾತ್ರ ಕನ್ನಡವೇ ಲೇಸು.

‘ಶಿಫ್ಟು ಬಿಡುವ ಹೊತ್ತಿಗೆ ನೂಕುನುಗ್ಗಲು ಇರುತ್ತದೆ, ಹತ್ತು ನಿಮಿಷ ಮೊದಲೇ ಕೂತುಬಿಡಿ’ ಎಂದು ನಿಮ್ಮ ಬಳಿಯಿರುವ ಹಳೆಯ ಆವೃತ್ತಿಯಲ್ಲಿ ಬರೆದಿದ್ದರೆ ಆ ಪುಟವನ್ನು ಹರಿದುಹಾಕಿ. ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. 2023ರ ಜನವರಿಯಲ್ಲಿ ಆ ಕಬ್ಬಿಣದ ಕಾರ್ಖಾನೆಯನ್ನು, ಅಂದರೆ ಈಗಿನ ವಿಐಎಸ್‌ಎಲ್ ಅನ್ನು, ಮುಚ್ಚುವ ನಿರ್ಧಾರ ಹೊರಬಿದ್ದು ಗುತ್ತಿಗೆ ಕಾರ್ಮಿಕರು ಗೇಟಿನೆದುರು ಧರಣಿ ಕೂತರು. ಈಗ ಯಾವ ಹೊತ್ತಿಗೂ ಜಾಗ ಸಿಗುತ್ತದೆ. ಇದನ್ನು ಸೌಲಭ್ಯವೆಂದು ಎಣಿಸಬೇಡಿ. ಭದ್ರಾವತಿಯಲ್ಲಿ ಒಬ್ಬ ಹಿರಿಯ ಗಿರಾಕಿ ಪರೋಟವನ್ನು ತೀರಾ ನಿಧಾನವಾಗಿ ತಿನ್ನುತ್ತಿದ್ದರೆ ‘ಬೇಗ ಏಳಿ’ ಎಂಬಂತೆ ನಿಲ್ಲಬೇಡಿ. ಗಡಿಯಾರ ನೋಡಿ ಉಂಡು ಅವರಿಗೆ ಸಾಕಾಗಿರಬಹುದು.

ಸುರಕ್ಷತಾ ಎಚ್ಚರಿಕೆ

ಈ ಬೆಂಚಿಗೆ ಕೈಪಿಡಿ ಬರೆದವರಲ್ಲಿ ನಾವು ಮೊದಲಿಗರಲ್ಲ. 2022ರ ಮಾರ್ಚ್‌ನಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಸಿಗಲಿಲ್ಲ. ಅದೇ ತಿಂಗಳ ಕೊನೆಗೆ, ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಪ್ರಚಾರ ರಾಜ್ಯದ ತುಂಬ ನಡೆಯಿತು. ಭದ್ರಾವತಿಯ ಹೊಸಮನೆಯಲ್ಲಿ ಮಾಂಸದ ವ್ಯಾಪಾರಿಯೊಬ್ಬರ ಮೇಲೆ ಹಲ್ಲೆಯಾಗಿ ಪೊಲೀಸ್ ಕೇಸಾಯಿತು. ತಿನ್ನಬೇಡಿ ಎನ್ನುವುದೂ ಒಂದು ಬಳಕೆದಾರರ ಕೈಪಿಡಿಯೇ, ಒಂದೇ ಪುಟದ್ದು. ಅದರಲ್ಲಿ ಬಿಡಿಭಾಗಗಳ ಪಟ್ಟಿ ಇರಲಿಲ್ಲ, ಕುರುಬರ ಹೆಸರಿರಲಿಲ್ಲ, ಶನಿವಾರದ ಕುಷ್ಕಾ ಇರಲಿಲ್ಲ. ನಮ್ಮದು ಇಷ್ಟು ಉದ್ದವಾದದ್ದು ಅದಕ್ಕೇ.

ಊರಿನಲ್ಲಿ ಗಲಾಟೆಯಾದ ದಿನ ಯಂತ್ರ ಚಾಲೂ ಆಗುವುದಿಲ್ಲ. 2022ರ ಆಗಸ್ಟ್ 15ರಂದು ಅಮೀರ್ ಅಹಮದ್ ವೃತ್ತದ ಫ್ಲೆಕ್ಸ್ ಜಗಳದ ನಂತರ ಆದದ್ದು ಅದೇ: ನಿಷೇಧಾಜ್ಞೆ, ಇಳಿದ ಶಟರುಗಳು. ಹೊಸ ಕಾನೂನಿನಲ್ಲಿ ನಿಷೇಧಾಜ್ಞೆಯ ಸೆಕ್ಷನ್ 163. ಊರಿನ ಬಾಯಲ್ಲಿ ಇನ್ನೂ 144. ಆ ದಿನಗಳಲ್ಲಿ ರಿಪೇರಿಗೆ ಯತ್ನಿಸಬೇಡಿ. ಆದರೆ ಶಟರು ಎದ್ದ ಮೊದಲ ಮಧ್ಯಾಹ್ನ ಹೋಗಿ, ಫುಲ್ ಪ್ಲೇಟೇ ಹೇಳಿ. ಎರಡು ದಿನದ ಬಾಡಿಗೆ ಆತನಿಗೆ ಯಾರೂ ಮನ್ನಾ ಮಾಡಿರುವುದಿಲ್ಲ.

ದೋಷ ನಿವಾರಣೆ

ಕಣ್ಣಲ್ಲಿ ನೀರು: ಖಾರ. ನೀರು ಕುಡಿದರೆ ಹೆಚ್ಚುತ್ತದೆ, ಒಂದು ತುತ್ತು ಬರೀ ಅನ್ನ ತಿನ್ನಿ.

ಪೀಸು ಚಿಕ್ಕದು: ಹಂಡೆಯ ಮೇಲಿನ ಭಾಗದಲ್ಲಿ ಬಂದಿದ್ದೀರಿ. ನಾಳೆ ಅರ್ಧ ಗಂಟೆ ತಡವಾಗಿ ಬನ್ನಿ.

ಪೀಸೇ ಮುಗಿದಿದೆ: ಒಂದು ಗಂಟೆ ತಡವಾಗಿ ಬಂದಿದ್ದೀರಿ.

ಎದುರಿನ ಬೆಂಚಿನಲ್ಲಿ ನಿಮ್ಮ ಮಾವನವರು: ಇದು ಮೇಲ್ನೋಟಕ್ಕೆ ಮಾತ್ರ ದೋಷ. ಮನೆಯಲ್ಲಿ ಬೆಳ್ಳುಳ್ಳಿಯನ್ನೂ ಮುಟ್ಟದ ಅವರು ಇಲ್ಲಿ ಪಾಯಾದ ಮೂಳೆಯನ್ನು ತಟ್ಟೆಗೆ ಕುಟ್ಟಿ ಮಜ್ಜೆ ತೆಗೆಯುತ್ತಿದ್ದರೆ ನಮಸ್ಕಾರ ಹೇಳಲು ಹೋಗಬೇಡಿ. ನೀವು ಅವರನ್ನು ನೋಡಿಲ್ಲ, ಅವರು ನಿಮ್ಮನ್ನು ನೋಡಿಲ್ಲ. ಕೈ ತೊಳೆಯುವ ಡ್ರಮ್ಮಿನ ಬಳಿ ಮುಖಾಮುಖಿಯಾದರೆ ಮಳೆಯ ಬಗ್ಗೆ ಮಾತಾಡಿ. ಶಿವಮೊಗ್ಗದಲ್ಲಿ ವರ್ಷದ ನಾಲ್ಕು ತಿಂಗಳು ಅದು ಸತ್ಯವೂ ಆಗಿರುತ್ತದೆ.

ಹಣ ಪಾವತಿ ಮತ್ತು ಪಾರ್ಸಲ್

ಬಿಲ್ಲಿಲ್ಲ. ‘ಏನು ತಿಂದ್ರಿ?’ ಎಂದು ಭಾಯಿ ಕೇಳುತ್ತಾನೆ, ನೀವು ಹೇಳಿದ್ದೇ ಲೆಕ್ಕ. ಆ ಎರಡನೆಯ ಕಬಾಬನ್ನು ಮರೆಯಬೇಡಿ. ಸಂಪಾದನೆಯ ನಿಯಮ ಆತನಿಗೆ, ಲೆಕ್ಕದ ನಿಯಮ ನಿಮಗೆ. ಫೋನಿನಲ್ಲಿ ಕೊಟ್ಟರೆ ಗೋಡೆಯ ಪೆಟ್ಟಿಗೆ ನೀವು ಕೊಟ್ಟ ಮೊತ್ತವನ್ನು ಇಡೀ ಬೀದಿಗೆ ಕೂಗಿ ಹೇಳುತ್ತದೆ. ಮಾವನವರು ಇನ್ನೂ ಅಲ್ಲೇ ಇದ್ದರೆ ನಗದು ಲೇಸು.

ಪಾರ್ಸಲ್ ಒಯ್ಯುವವರು ಶೇರ್ವಾ ಪ್ಯಾಕೆಟ್ಟಿನ ಗಂಟನ್ನು ಎರಡು ಸಲ ಪರೀಕ್ಷಿಸಿ, ಮೇಲ್ಮುಖವಾಗಿ ಹಿಡಿಯಿರಿ. ಭದ್ರಾವತಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಆರಿಸಿಕೊಂಡು ಗಾಜು ತೆರೆದಿಡಿ. ಆದರೂ ವಾಸನೆ ಕಂಡಕ್ಟರನ್ನು ಮುಟ್ಟುತ್ತದೆ. ಆತ ಟಿಕೆಟ್ ಹರಿಯುತ್ತ ‘ಯಾವ ಅಂಗಡಿದು ಸಾರ್?’ ಎಂದು ಕೇಳಿದರೆ ನಿಜ ಹೇಳಿ. ‘ಮನೆಯದು’ ಎಂದರೆ ನಂಬುವುದಿಲ್ಲ, ನಾಳೆ ಚಿಲ್ಲರೆಯನ್ನೂ ಕೊಡುವುದಿಲ್ಲ. ತಿರುವಿನಲ್ಲಿ ಪ್ಯಾಕೆಟ್ ಒಡೆದು ಪಕ್ಕದವರ ಬಿಳಿ ಪಂಚೆಗೆ ತಗುಲಿದರೆ ಕಂಪನಿ ಜವಾಬ್ದಾರಿಯಲ್ಲ.