ಗೋಡೆಗುಂಟ ಓಡುವ ಬಾಗಿಲು

ನಮ್ಮ ಗದಗ ಸೀಮೆಯ ಹಳೇ ಮನೆ ಕಟ್ಟಿದವರು ಎತ್ತಿಗೆ, ಜೋಳಕ್ಕೆ, ಬೀಗರಿಗೆ ಧಾರಾಳ ಜಾಗ ಬಿಟ್ಟರು. ಬಚ್ಚಲದ ಬಾಗಿಲಿಗೆ ಮಾತ್ರ ಬಿಡಲಿಲ್ಲ. ಕುರ್ತಕೋಟಿಯ ನಮ್ಮ ಮನೆಯಲ್ಲಿ ಅದು ಒಳಗೆ ತೆರೆದರೆ ಹಂಡೆಗೆ ಬಡಿಯುತ್ತಿತ್ತು, ಹೊರಗೆ ತೆರೆದರೆ ರೊಟ್ಟಿ ಬಡಿಯುವ ಅವ್ವನಿಗೆ.

"ಸ್ಲೈಡಿಂಗ್ ಮಾಡಿಬಿಡೂಣ್ರಿ" ಅಂದರು ಬಡಿಗ್ಯಾರು. ಮೇಲೆ ಹಳಿ, ಹಳಿಯಲ್ಲಿ ಗಾಲಿ, ಗಾಲಿಗೆ ಜೋತುಬಿದ್ದ ಬಾಗಿಲು. ಕೇಳಲಿಕ್ಕೆ ಸರಳ. ಆದರೆ ಬಾಗಿಲು ಸರಿದು ನಿಲ್ಲಲು ಪಕ್ಕದಲ್ಲಿ ಅಷ್ಟೇ ಅಗಲದ ಖಾಲಿ ಗೋಡೆ ಬೇಕಲ್ಲ! ಅಲ್ಲಿ ಅಜ್ಜನ ಫೋಟೋ, ಕ್ಯಾಲೆಂಡರ್, ಸ್ವಿಚ್‌ಬೋರ್ಡು. ಅಜ್ಜ ಪಡಸಾಲೆಗೆ ಹೋಗಲು ಒಪ್ಪಿದರು. ಸ್ವಿಚ್‌ಬೋರ್ಡು ಒಪ್ಪಲಿಲ್ಲ, ವೈರ್‌ಮನ್ನನ್ನು ಕರೆಸಿತು.

"ಹಳಿ ಸೀದಾ ಗೋಡಿಗೇ ಹೊಡೀರಿ" ಅಂದೆ.

"ಮಣ್ಣಿನ ಗೋಡಿ ರೀ ಸರ, ಬಾಗಲಾ ಎಳದ್ರ ಗೋಡಿನೂ ಸಂಗಾಟ ಬರ್ತೈತಿ."

ಕೊನೆಗೆ ಎರಡೂ ಕಡೆ ಕಟ್ಟಿಗೆ ಕಂಬ ನಿಲ್ಲಿಸಿ, ಅಡ್ಡ ತೊಲೆ ಕೂಡಿಸಿ, ಅದಕ್ಕೆ ಹಳಿ ಹೊಡೆದರು. ರಸಮಟ್ಟದ ಗುಳ್ಳೆ ನಟ್ಟನಡುವೆ ಬರುವ ತನಕ ಅವರು ತೊಲೆಯ ಕೆಳಗೆ ಚಕ್ಕೆ ತುರುಕಿದ್ದೇ ತುರುಕಿದ್ದು. ಹಳಿ ಒಂದು ಕಡೆ ಇಳಿಜಾರಾದರೆ ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಬಚ್ಚಲಕ್ಕೆ ಅಂಥ ಉದಾರತೆ ಸಲ್ಲದು.

ಈಗ ಬಾಗಿಲು ಸರ್ರನೆ ಓಡುತ್ತದೆ. ಮಕ್ಕಳಂತೂ ಸ್ನಾನ ಬಿಟ್ಟು ಅದನ್ನೇ ಓಡಿಸುತ್ತಾರೆ. ಆದರೆ ಇಂಥ ಬಾಗಿಲು ಚೌಕಟ್ಟಿಗೆ ಬಿಗಿಯಾಗಿ ಕೂಡುವುದಿಲ್ಲ, ಸಂದಿ ಉಳಿದೇ ಉಳಿಯುತ್ತದೆ. ಒಳಗಿನ ಹಾಡು ಅಡುಗೆಮನೆಗೆ, ಒಗ್ಗರಣೆಯ ಘಾಟು ಬಚ್ಚಲಕ್ಕೆ. ನೀವೂ ಮಾಡಿಸುವುದಾದರೆ ಮೊದಲು ಪಕ್ಕದ ಗೋಡೆ ಅಳೆಯಿರಿ, ಒಳಗಿನಿಂದ ಕೊಕ್ಕೆ ಹಾಕಿಸಿ, ಆಮೇಲೆ ಬಡಿಗ್ಯಾರಿಗೆ ಮುಂಗಡ ಕೊಡಿ.