ಎರಡನೇ ಪಾಯಿಂಟ್ ಮೀಮಾಂಸೆ

ಯಾವ ಶಾಸ್ತ್ರಕ್ಕಾದರೂ ಮೊದಲು ಅಧಿಕಾರಿ ಯಾರೆಂದು ನಿರ್ಣಯಿಸಬೇಕು. ನಡುಮನೆಗೆ ಹೊಸ ಟಿವಿ ತಂದು, ಹಳೆಯದನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಅಜ್ಜಿಯ ಕೋಣೆಗೆ ಸಾಗಿಸಿದ ಗೃಹಸ್ಥನೇ ಇಲ್ಲಿ ಅಧಿಕಾರಿ. ವಿಷಯ: ಒಂದು ಕೇಬಲ್ಲು, ಎರಡು ಟಿವಿ. ಪ್ರಯೋಜನ: ಸಂಜೆ ಏಳರ ನಂತರದ ಶಾಂತಿ. ಈ ಬಗ್ಗೆ ಮೂರು ಮತಗಳು ಪ್ರಚಲಿತವಾಗಿವೆ.

ಮೊದಲನೆಯದು ಅದ್ವೈತ. ಸಿಗ್ನಲ್ ಒಂದೇ, ಟಿವಿಗಳು ಬರೀ ಉಪಾಧಿ ಎಂಬುದು ಇದರ ವಾದ. ಸಾಧನ, ಸ್ಪ್ಲಿಟರ್ ಎಂಬ ಮೂರು ಬಾಯಿಯ ಪುಟ್ಟ ಲೋಹದ ಡಬ್ಬಿ. ಆದರೆ ವ್ಯವಹಾರದಲ್ಲಿ ಹಂಚಿದ್ದು ಅರ್ಧವಾಗಲೇಬೇಕು. ಪ್ರತಿ ದಾರಿಗೂ ಸುಮಾರು 3.5 ಡೆಸಿಬಲ್ ನಷ್ಟ. ಅದರಲ್ಲಿ 3 ಹಂಚಿಕೆಯ ಲೆಕ್ಕಕ್ಕೆ. ಉಳಿದ ಅರ್ಧ ಡಬ್ಬಿಯ ದಕ್ಷಿಣೆ. ಸ್ಪ್ಲಿಟರಿಗೂ ಕಾಸು ಬಿಚ್ಚದೆ ಬ್ಲೇಡಿನಲ್ಲಿ ವೈರು ಸುಲಿದು, ಹೊಸೆದು, ಟೇಪು ಸುತ್ತಿದ ಸಾಧಕರಿಗೆ ಹಿಂದೆ ವಿಶೇಷ ದರ್ಶನವಾಗುತ್ತಿತ್ತು. 75 ಓಮಿನ ಹದ ತಪ್ಪಿದ ಆ ಗಂಟಿನಲ್ಲಿ ಸಿಗ್ನಲ್ ಹಿಂದಕ್ಕೆ ಪುಟಿದು, ನಾಯಕನ ಪಕ್ಕದಲ್ಲೇ ಮಸುಕಾದ ಇನ್ನೊಬ್ಬ ನಾಯಕ ನಿಲ್ಲುತ್ತಿದ್ದ. ಪಂಡಿತರು ಪ್ರತಿಬಿಂಬವಾದ ಎನ್ನುವುದು ಇದನ್ನೇ ಇರಬೇಕು.

ಈ ಸುವರ್ಣಯುಗಕ್ಕೆ ಬೆಂಗಳೂರು, ಮೈಸೂರುಗಳಲ್ಲಿ ಸರ್ಕಾರ ಕೊಟ್ಟ ಗಡುವು 2013ರ ಮಾರ್ಚ್ 31. ಕೇಬಲ್ ಡಿಜಿಟಲ್ ಆಯಿತು, ಸಿಗ್ನಲ್ಲಿಗೆ ಬೀಗ ಬಿತ್ತು, ಬೀಗದ ಕೈ ಸೆಟ್ ಟಾಪ್ ಬಾಕ್ಸಿನ ಹೊಟ್ಟೆ ಸೇರಿತು.

ಆಗ ತಲೆಯೆತ್ತಿದ್ದು ವಿಶಿಷ್ಟಾದ್ವೈತ. ಬಾಕ್ಸ್ ಒಂದೇ, ಅದು ಆತ್ಮ. ಎರಡು ಟಿವಿಗಳೂ ಅದರ ಶರೀರ. ಎಚ್‌ಡಿಎಂಐ ವೈರು ಹೊಸದಕ್ಕೆ, ಕೆಂಪು-ಬಿಳಿ-ಹಳದಿ ವೈರು ಹಳೆಯದಕ್ಕೆ. ಖರ್ಚು ಕಡಿಮೆ. ದೋಷವೆಂದರೆ, ನಡುಮನೆಯಲ್ಲಿ ಕ್ರಿಕೆಟ್ ಹಾಕಿದರೆ ಅಜ್ಜಿಯ ಕೋಣೆಯಲ್ಲೂ ಕ್ರಿಕೆಟ್ಟೇ. ರಿಮೋಟು ಮಗನ ಕೈಲಿ. "ಏನೋ, ಸ್ವಲ್ಪ ಧಾರಾವಾಹಿ ಹಾಕೋ" ಎಂದು ಅಜ್ಜಿ ಒಳಗಿನಿಂದಲೇ ಮೊರೆಯಿಡಬೇಕು. ಈ ಮತದಲ್ಲಿ ಶರಣಾಗತಿಯೆಂಬ ಪ್ರಪತ್ತಿಯೊಂದೇ ಗತಿ.

ಮೂರನೆಯದು ದ್ವೈತ. ಟಿವಿಗೊಂದು ಬಾಕ್ಸ್. ಇಲ್ಲಿ ಪಂಚಭೇದ ಸತ್ಯ. ಕೇಬಲ್‌ನವನಿಗೂ ಗಿರಾಕಿಗೂ ಭೇದ: ಒಬ್ಬ ಫೋನ್ ಮಾಡುವವನು, ಇನ್ನೊಬ್ಬ ಎತ್ತದವನು. ಕೇಬಲ್‌ನವನಿಗೂ ಬಾಕ್ಸಿಗೂ ಭೇದ: ಕೆಟ್ಟರೆ ಅದು ತನ್ನದಲ್ಲ ಎನ್ನುತ್ತಾನೆ. ಗಿರಾಕಿಗೂ ಬಾಕ್ಸಿಗೂ ಭೇದ: ದುಡ್ಡು ಕೊಟ್ಟರೂ ಅದು ಇವನ ಮಾತು ಕೇಳುವುದಿಲ್ಲ. ಗಿರಾಕಿ ಗಿರಾಕಿಗೆ ಭೇದ: ಅತ್ತೆ, ಸೊಸೆ. ಬಾಕ್ಸಿಗೂ ಬಾಕ್ಸಿಗೂ ಭೇದ: ನಂಬರು ಬೇರೆ, ರೀಚಾರ್ಜು ಬೇರೆ. ತಾರತಮ್ಯವೂ ಉಂಟು. ಎರಡನೇ ಟಿವಿಯ ನೆಟ್‌ವರ್ಕ್ ಶುಲ್ಕ ಮೊದಲನೆಯದರ ಶೇ. 40 ಮೀರಬಾರದೆಂದು ನಿಯಂತ್ರಕ ಸಂಸ್ಥೆ ಟ್ರಾಯ್ 2020ರ ತಿದ್ದುಪಡಿಯಲ್ಲಿ ವಿಧಿಸಿತ್ತು. ಪೇ ಚಾನೆಲ್ಲುಗಳ ದುಡ್ಡು ಅದರ ಮೇಲೆ. ಇಷ್ಟಾಗಿಯೂ ಎರಡೂ ಬಾಕ್ಸಿಗೆ ಸಿಗ್ನಲ್ ತಲುಪಿಸುವುದು ಅದೇ ಹಳೆಯ ಅದ್ವೈತದ ಸ್ಪ್ಲಿಟರ್ ಎಂಬುದನ್ನು ದ್ವೈತಿಗಳು ಒಪ್ಪುವುದಿಲ್ಲ. ಕೇಬಲ್‌ನವನು ಅದಕ್ಕೂ ಬಿಲ್ ಹಾಕುತ್ತಾನೆ.

ಈ ಲೇಖಕ ಮೂರನ್ನೂ ಮಥಿಸಿ, ಗೃಹಕಲಹಕ್ಕೆ ಹೆದರಿ, ದ್ವೈತವನ್ನೇ ಸ್ವೀಕರಿಸಿದ. ತಿಂಗಳ ನಂತರ ಒಂದು ಸಂಜೆ ಪರೀಕ್ಷಿಸಿದಾಗ ಕೋಣೆಯಲ್ಲಿ ಅಜ್ಜಿ, ನಡುಮನೆಯಲ್ಲಿ ಸೊಸೆ, ಇಬ್ಬರೂ ನೋಡುತ್ತಿದ್ದದ್ದು ಒಂದೇ ಧಾರಾವಾಹಿ. ಕೇಳಿದರೆ, "ಅವಳು ನಡುನಡುವೆ ಮಾತಾಡ್ತಾಳೆ" ಎಂದರು ಅಜ್ಜಿ.

ಆದ್ದರಿಂದ ಸಿದ್ಧಾಂತ: ಖರ್ಚು ದ್ವೈತದ್ದು, ಫಲ ಅದ್ವೈತದ್ದು. ಕ್ರಿಕೆಟ್ ನೋಡಲು ಈ ಲೇಖಕ ಪಕ್ಕದ ಮನೆಗೆ ಹೋಗುತ್ತಾನೆ.